ಮನ್ವೇಲ ನಮ್ಮವನಲ್ಲವೇ?

ರಾಯದುರ್ಗದ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಮಕ್ಕಳ ಶಾಲೆ ತೆಲುಗು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರುಗಳ ಜೊತೆ ಈ ತಾಲ್ಲೂಕೂ ಆಂಧ್ರಕ್ಕೆ ಸೇರಿತು. ಕನ್ನಡ ಓದಲು ತಡವರಿಸುವ ಮಕ್ಕಳಿಗೂ ತಿಳಿಯಲೆಂದು ನಾವು ನಾಲ್ಕಾರು ಕುಟುಂಬಗಳು ಭಾನುವಾರ ಸಂಜೆ ಸೇರಿ ಒಂದು ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇವೆ. ಈ ಸಲದ ಪುಸ್ತಕ ಶಿವರಾಮ ಕಾರಂತರ ‘ಚೋಮನ ದುಡಿ’.

1933ರಲ್ಲಿ ಬಂದ ಈ ಪುಟ್ಟ ಕಾದಂಬರಿ ಅಸ್ಪೃಶ್ಯತೆ, ಸಾಲ, ಕೂಲಿ, ಮತಾಂತರ ಎಲ್ಲವನ್ನೂ ಒಂದೇ ಗುಡಿಸಲಿನೊಳಗೆ ತಂದು ನಿಲ್ಲಿಸುತ್ತದೆ. ಚೋಮನಿಗಿರುವುದು ಒಂದೇ ಆಸೆ: ತುಂಡು ಗದ್ದೆ ಉಳಬೇಕು. ಹುಟ್ಟಿದ ಜಾತಿಯ ದೆಸೆಯಿಂದ ಅದು ಕೈಗೂಡುವುದಿಲ್ಲ.

“ಬರೀ ಸಾವು, ಬರೀ ಗೋಳು. ಪರಿಹಾರವೇ ಹೇಳಿಲ್ಲ” ಎಂದ ಕಾಲೇಜು ಹುಡುಗ. ಶೇಂಗಾ ಬಿತ್ತಿ ಮುಗಿಲು ನೋಡುತ್ತಲೇ ಮುದುಕರಾದ ತಾತ, “ನೆಲ ಇದ್ದವರಿಗೇ ಇಷ್ಟು ಕಷ್ಟ, ಇಲ್ಲದವನ ಪಾಡೇನು ಮಗಾ?” ಎಂದರು. ಮಡಕಶಿರಾದಿಂದ ಸೊಸೆಯಾಗಿ ಬಂದ ಅಕ್ಕ, ಸಾಲ ತೀರಿಸಲು ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುವುದನ್ನು ಕೇಳಿ, ಬೆಂಗಳೂರಿಗೆ ಕೂಲಿಗೆ ಹೋದ ತಮ್ಮೂರಿನವರನ್ನು ನೆನೆದರು. ಎಳೆಯ ನೀಲ ನೀರಿನಲ್ಲಿ ಮುಳುಗುತ್ತಿರುವಾಗ, ಮೈಲಿಗೆಯ ಅಂಜಿಕೆಯಿಂದ ಯಾರೂ ಅವನನ್ನು ಎತ್ತುವುದಿಲ್ಲ. ಆ ಪುಟ ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಜಗಳ ಹುಟ್ಟಿದ್ದು ಮನ್ವೇಲನಿಂದ. ಚೋಮನ ಮಗಳು ಬೆಳ್ಳಿಯ ಬಾಳು ಕೆಡಿಸುವ ಈ ತೋಟದ ಮನುಷ್ಯ ಕ್ರೈಸ್ತ. “ಕೆಟ್ಟವನಿಗೆ ನಮ್ಮವರ ಹೆಸರೇ ಬೇಕಿತ್ತೇ?” ಎಂದು ಚಿಕ್ಕಪ್ಪ ಸಿಡುಕಿದರು. “ಒಡೆಯ ಸಂಕಪ್ಪಯ್ಯನೂ ನೆಲ ಕೊಡಲಿಲ್ಲವಲ್ಲ. ಕಾರಂತರು ಯಾರನ್ನೂ ಬಿಟ್ಟಿಲ್ಲ, ಚಿಕ್ಕಪ್ಪ” ಎಂದರು ಅಕ್ಕ.

ಆಗ ಹತ್ತನೇ ತರಗತಿಯ ಹುಡುಗಿ ಕೇಳಿದಳು: “ನೆಲದಾಸೆಗೆ ಚೋಮ ಚರ್ಚಿಗೆ ಹೊರಟು ಅರ್ಧ ದಾರಿಯಿಂದ ಹಿಂದಿರುಗುತ್ತಾನೆ. ಬಂದೇ ಬಿಟ್ಟಿದ್ದರೆ ನಾವು ಅವನ ಮನೆಯಿಂದ ಹೆಣ್ಣು ತರುತ್ತಿದ್ದೆವಾ?”

ಪ್ರಿಯ ಓದುಗರೇ, ಇದು ಮಕ್ಕಳಾಟದ ಪ್ರಶ್ನೆಯಲ್ಲ. ಧರ್ಮಸಭೆಯೊಳಗೂ ದಲಿತರಿಗೆ ಭೇದಭಾವ ಉಳಿದಿದೆ ಎಂದು 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿತು. ಸ್ನಾನದೀಕ್ಷೆಯಲ್ಲಿ ಒಂದೇ ಕುಟುಂಬವಾದ ನಾವು, ಮಕ್ಕಳ ಮದುವೆ ಮಾತು ಬಂದಾಗ ಮೊದಲು ಏನನ್ನು ವಿಚಾರಿಸುತ್ತೇವೆ? ಹೆಸರು ಮನ್ವೇಲನದಾದರೇನು, ಚೋಮನದಾದರೇನು, ಪುಸ್ತಕ ಕೇಳುತ್ತಿರುವುದು ನಮ್ಮನ್ನೇ.

ಪರಿಹಾರ ಅದರಲ್ಲಿಲ್ಲ, ನಿಜ. ಅದನ್ನು ಹುಡುಕುವ ಕೆಲಸ ನಮ್ಮ ಮನೆಗಳಿಗೆ ಬಿಟ್ಟಿದ್ದು. ನೀವೂ ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ಓದಿ ನೋಡಿ.

ಚಿಕ್ಕಪ್ಪ ಆ ಹುಡುಗಿಗೆ ಉತ್ತರ ಕೊಡಲಿಲ್ಲ. ಹೊರಡುವಾಗ ಮಾತ್ರ, ಮತ್ತೊಮ್ಮೆ ಓದಬೇಕೆಂದು ಪುಸ್ತಕ ಕೇಳಿ ಮನೆಗೆ ಒಯ್ದರು.