ಬಸುರಿಯ ಮಣ್ಣಿನ ಬಯಕೆ: ಗದರಬೇಡಿ, ರಕ್ತ ಪರೀಕ್ಷೆ ಮಾಡಿಸಿ



ಬಸುರಿ ಹೆಂಗಸಿಗೆ ಮಾವಿನಕಾಯಿ, ಹುಣಸೆಹಣ್ಣು ಬೇಕೆನಿಸಿದರೆ ಮನೆಯವರು ಸಂತೋಷದಿಂದ ತಂದುಕೊಡುತ್ತಾರೆ. ಆದರೆ ಕೆಲವರಿಗೆ ಒಲೆಯ ಬೂದಿ, ಗೋಡೆಯ ಸುಣ್ಣ, ಬಳಪ, ಮಳೆ ಬಿದ್ದ ನೆಲದ ಮಣ್ಣು, ಹಸಿ ಅಕ್ಕಿ ತಿನ್ನುವ ಆಸೆ ತಡೆಯಲಾರದಷ್ಟು ಬರುತ್ತದೆ. ನಾಚಿಕೆಯಿಂದ ಗುಟ್ಟಾಗಿ ತಿನ್ನುತ್ತಾರೆ. ವೈದ್ಯರು ಇದನ್ನು 'ಪೈಕಾ' ಎನ್ನುತ್ತಾರೆ. ಇದು ಹೊಸದಲ್ಲ. ಕಾಳಿದಾಸನ ರಘುವಂಶದ ಮೂರನೆಯ ಸರ್ಗದಲ್ಲಿ ಗರ್ಭಿಣಿ ರಾಣಿ ಸುದಕ್ಷಿಣೆಯೂ ಮಣ್ಣು ತಿನ್ನುತ್ತಾಳೆ.

ಇದು ಗಾಳಿ ಸೋಕಿದ್ದಲ್ಲ, ಕೆಟ್ಟ ಚಾಳಿಯೂ ಅಲ್ಲ. ಇಂಥವರಲ್ಲಿ ಅನೇಕರಿಗೆ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ. 52.2 ಮಂದಿಗೆ ರಕ್ತಹೀನತೆ ಇತ್ತು.

ಮಣ್ಣಿನಲ್ಲೂ ಕಬ್ಬಿಣವಿದೆಯಲ್ಲ ಎಂದು ನೀವು ಕೇಳಬಹುದು. ಅದು ಮೈಗೆ ಹತ್ತುವುದು ಬಹಳ ಕಡಿಮೆ. ಜೇಡಿಮಣ್ಣಂತೂ ಊಟದಲ್ಲಿರುವ ಕಬ್ಬಿಣವನ್ನೇ ಹೊಟ್ಟೆಯಲ್ಲಿ ಹಿಡಿದಿಟ್ಟು ಮೈಗೆ ಸೇರಗೊಡುವುದಿಲ್ಲ. ಮಣ್ಣಿನೊಡನೆ ಜಂತುಹುಳುವಿನ ಮೊಟ್ಟೆಯೂ ಹೊಟ್ಟೆ ಸೇರಬಹುದು. ಕಬ್ಬಿನ ತೋಟಕ್ಕೆ ನಾವು ಹೊಡೆಯುವ ಕಳೆನಾಶಕ, ಕೀಟನಾಶಕಗಳ ಅಂಶವೂ ಅದರಲ್ಲಿರಬಹುದು ಎಂಬುದನ್ನು ಮರೆಯಬೇಡಿ.

ಮಾಡಬೇಕಾದದ್ದು ಇಷ್ಟು:

1. ಗದರದೆ, ನಗದೆ ವಿಚಾರಿಸಿ. ಅತ್ತೆಯಾದವರು ಕೇಳಿದರೆ ಸೊಸೆ ಹೇಳಿಯಾಳು.

2. ನರ್ಸಮ್ಮನಿಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಗೆ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ; 7ಕ್ಕಿಂತ ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

3. ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣದ ಮಾತ್ರೆಯನ್ನು ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ನುಂಗಬೇಕು. ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ. ಜಂತುಹುಳುವಿನ ಮಾತ್ರೆಯನ್ನು ನರ್ಸಮ್ಮ ಹೇಳಿದಾಗಲೇ ಕೊಡಿ.

4. ಸೊಪ್ಪು, ಹುರುಳಿ, ಮೊಳಕೆಕಾಳು, ಮೀನು, ಮಾಂಸ ಕೊಡಿ. ಜತೆಗೆ ನಿಂಬೆ, ನೆಲ್ಲಿ ಇರಲಿ. ಅವು ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತವೆ. ಊಟದೊಡನೆ ಕಾಫಿ, ಟೀ ಬೇಡ. ಬೆಲ್ಲ ಒಳ್ಳೆಯದೇ, ಆದರೆ ಮಾತ್ರೆಯ ಬದಲಿಗಾಗದು.

ರಕ್ತ ಕೂಡಿದಂತೆ ಮಣ್ಣಿನ ಆಸೆ ಅನೇಕರಲ್ಲಿ ತಾನಾಗಿ ಇಳಿಯುತ್ತದೆ.

ರಕ್ತ ಕಡಿಮೆಯಿರುವ ತಾಯಿ ಹೆರಿಗೆಯಲ್ಲಿ ಆಗುವ ಸ್ವಲ್ಪ ರಕ್ತಸ್ರಾವವನ್ನೂ ತಾಳಲಾರಳು. ಗೆಟ್ಟವಾಡಿಯಂಥ ಬೆಟ್ಟದ ಊರಿನಿಂದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವು ದಾಟಬೇಕು. ಆ ಹೊತ್ತಿನಲ್ಲಿ ಓಡಾಡುವುದಕ್ಕಿಂತ ಆರು ತಿಂಗಳು ಮೊದಲೇ ರಕ್ತ ಕೂಡಿಸಿಕೊಳ್ಳುವುದು ಜಾಣತನ. ಬೆಳೆಯ ಎಲೆ ಹಳದಿಯಾದರೆ ಬುಡಕ್ಕೆ ಏನು ಕೊರತೆಯೆಂದು ನೋಡುವ ನಾವು, ಮನೆಯ ಹೆಣ್ಣುಮಗಳು ಮಣ್ಣು ಬಯಸಿದಾಗಲೂ ಹಾಗೆಯೇ ಕೊರತೆಯನ್ನು ಹುಡುಕೋಣ.