ಪಂಜರದ ಹಕ್ಕಿ ಗಂಡೋ, ಹೆಣ್ಣೋ?

ಹಕ್ಕಿಗಳ ಲಿಂಗದ ಗೊಡವೆ ಕನ್ನಡ ವ್ಯಾಕರಣಕ್ಕೆ ಇಲ್ಲ. ಗಿಳಿ ಬಂದಿತು, ಗಿಳಿ ಹಾರಿತು. ಗಂಡಾದರೂ ‘ಅದು’, ಹೆಣ್ಣಾದರೂ ‘ಅದು’. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಬಂಧುಗಳ ನೆರೆಯ ಮರಾಠಿಯಲ್ಲಾದರೋ ಪೋಪಟ ಪುಲ್ಲಿಂಗ, ಮೈನಾ ಸ್ತ್ರೀಲಿಂಗ. ಇವೆರಡೂ ಬೇರೆ ಬೇರೆ ಜಾತಿಯ ಹಕ್ಕಿಗಳು, ಎರಡರಲ್ಲಿಯೂ ಗಂಡುಹೆಣ್ಣುಗಳುಂಟು ಎಂಬ ಸಂಗತಿ ಆ ವ್ಯಾಕರಣಕ್ಕೂ ಬೇಕಿಲ್ಲ. ನಮ್ಮ ಹಿರಿಯರು ಪಂಜರಕ್ಕೆ ಬಂದ ಗಿಳಿಗೆಲ್ಲ ‘ಗಿಣಿರಾಮ’ನೆಂದೇ ನಾಮಕರಣ ಮಾಡಿದರು. ಆ ರಾಮರಲ್ಲಿ ಎಷ್ಟು ಮಂದಿ ಸೀತೆಯರಿದ್ದರೋ ಬಲ್ಲವರಾರು?

ಹೆಸರಿನ ಮಟ್ಟಿಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ ಹಕ್ಕಿಯನ್ನು ಸಾಕುವವರಿಗೆ ಅದು ಗಂಡೋ ಹೆಣ್ಣೋ ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಕೆಲವು ವೇಳೆ ಅದರ ಪ್ರಾಣದ ಪ್ರಶ್ನೆ.

ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರಾಟವಾಗುವ ಪುಟ್ಟ ಹಕ್ಕಿ ಬಹುಮಟ್ಟಿಗೆ ಬಜ್ರಿಗರ್. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಬಜ್ರಿಗರ್ ಆಸ್ಟ್ರೇಲಿಯದ ಒಣಬಯಲಿನದು. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ ಮೇಲೆ ಅದು ಲೋಕವನ್ನೆಲ್ಲ ಸುತ್ತಿತು. ಇದರ ಲಿಂಗವನ್ನು ತಿಳಿಯಲು ಮೂಗನ್ನು ನೋಡಬೇಕು. ಕೊಕ್ಕಿನ ಮೇಲ್ಭಾಗದಲ್ಲಿ, ಹೊಳ್ಳೆಗಳಿರುವೆಡೆ, ಮೇಣದಂತಹ ಒಂದು ಪಟ್ಟಿ ಇದೆ. ಪ್ರಾಯಕ್ಕೆ ಬಂದ ಗಂಡಿನಲ್ಲಿ ಇದು ಅಚ್ಚನೀಲಿ. ಹೆಣ್ಣಿನಲ್ಲಿ ಬಿಳಿಚು, ತೆಳುನೀಲಿ ಅಥವಾ ಮಣ್ಣಿನ ಬಣ್ಣ. ಮೊಟ್ಟೆಯಿಡುವ ಕಾಲ ಬಂದಾಗ ಕಂದುಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ಮರಿಗಳಲ್ಲಿ ಗಂಡಿನ ಪಟ್ಟಿ ಒಂದೇ ಸಮನೆ ನಸುಗೆಂಪು ಬೆರೆತ ನೇರಳೆಯಾಗಿದ್ದರೆ, ಹೆಣ್ಣಿನ ಹೊಳ್ಳೆಗಳ ಸುತ್ತ ಬಿಳಿಯ ಉಂಗುರವಿರುತ್ತದೆ. ಹಣೆಯ ಅಡ್ಡಗೆರೆಗಳು ಇನ್ನೂ ಮೂಗಿನವರೆಗೂ ಇದ್ದರೆ ಹಕ್ಕಿ ಮೂರುನಾಲ್ಕು ತಿಂಗಳು ದಾಟಿಲ್ಲವೆಂದರ್ಥ. ಆಗ ತೀರ್ಮಾನಕ್ಕೆ ಅವಸರಪಡದಿರುವುದೇ ಜಾಣತನ. ಇನ್ನೊಂದು ತೊಡಕೂ ಉಂಟು. ಅಚ್ಚಬಿಳಿಯ ಮತ್ತು ಅಚ್ಚಹಳದಿಯ ತಳಿಗಳಲ್ಲಿ ಗಂಡಿನ ಮೂಗು ಬಲಿತ ಮೇಲೂ ನೀಲಿಯಾಗದೆ ನೇರಳೆಗೆಂಪಾಗಿಯೇ ಉಳಿಯುವುದು. ನೀಲಿಯಿಲ್ಲವೆಂದು ಅಂತಹ ಎರಡನ್ನು ಹೆಣ್ಣೆಂದು ಕೊಂಡವರು ಮೊಟ್ಟೆಗಾಗಿ ವರ್ಷಗಟ್ಟಲೆ ಕಾಯಬೇಕಾದೀತು.

ನಡವಳಿಕೆಯಿಂದ ಹೇಳುವವರೂ ಇದ್ದಾರೆ. ಗಂಡು ತಲೆಯಾಡಿಸುತ್ತ ಹಾಡುವುದು ಹೆಚ್ಚು. ಹೆಣ್ಣು ಮರವನ್ನು ಕಡಿಯುವುದು, ಬೆರಳನ್ನು ಕಚ್ಚುವುದು ಹೆಚ್ಚು. ಇದು ಸೂಚನೆಯೇ ಹೊರತು ಸಾಕ್ಷ್ಯವಲ್ಲ. ಒಂದಕ್ಕೊಂದು ತುತ್ತು ಕೊಡುವ ಜೋಡಿಯನ್ನು ಕಂಡು ಗಂಡಹೆಂಡಿರೆಂದು ಸಂಭ್ರಮಿಸುವಂತಿಲ್ಲ. ಎರಡು ಗಂಡುಗಳೂ ಹಾಗೆ ಮಾಡುತ್ತವೆ. ದಾರಕ್ಕೆ ಉಂಗುರ ಕಟ್ಟಿ ಹಕ್ಕಿಯ ಮೇಲೆ ತೂಗಿ, ಅದು ಸುತ್ತುವ ಬಗೆಯಿಂದ ಲಿಂಗ ಹೇಳುವ ವಿದ್ಯೆಗೆ ಯಾವ ಆಧಾರವೂ ಇಲ್ಲ. ಉಂಗುರ ತೂಗುವುದು ಹಿಡಿದವನ ಕೈಯ ನಡುಕಕ್ಕೆ.

ಜುಟ್ಟಿನ ಕಾಕಟೀಲ್ ಹಕ್ಕಿಯೂ ಆಸ್ಟ್ರೇಲಿಯದ್ದೇ. ಬೂದುಬಣ್ಣದ ಮೂಲ ತಳಿಯಲ್ಲಿ ಬಲಿತ ಗಂಡಿನ ಮುಖ ಹೊಳೆಯುವ ಹಳದಿ. ಹೆಣ್ಣಿನ ಮುಖ ಮಂಕು, ಬಾಲದ ಅಡಿಯಲ್ಲಿ ಹಳದಿಯ ಅಡ್ಡಪಟ್ಟೆಗಳು. ಮರಿಗಳೆಲ್ಲ ಹೆಣ್ಣಿನಂತೆಯೇ ತೋರುತ್ತವೆ. ಮೊದಲ ಗರಿಯುದುರುವಿಕೆಯ ಬಳಿಕವಷ್ಟೇ ಗಂಡು ತನ್ನ ಬಣ್ಣವನ್ನು ತೋರುವುದು. ಜೀಬ್ರಾ ಫಿಂಚ್ ಸುಲಭ: ಕಿತ್ತಳೆಯ ಕೆನ್ನೆ, ಎದೆಯ ಮೇಲೆ ಗೆರೆ ಇದ್ದುದು ಗಂಡು. ಜಾವಾ ಗುಬ್ಬಿಯಲ್ಲಿ ಎರಡೂ ಒಂದೇ ರೂಪ, ಹಾಡುವುದು ಗಂಡು. ಪಾರಿವಾಳಗಳಲ್ಲಿ ಕತ್ತುಬ್ಬಿಸಿ ಗುಟುರು ಹಾಕುತ್ತ ಸುತ್ತುವುದು ಸಾಮಾನ್ಯವಾಗಿ ಗಂಡು. ನಿಜವಾದ ಲವ್ ಬರ್ಡ್‌ಗಳಲ್ಲಿ ಪೇಟೆಗೆ ಬರುವ ಬಹುತೇಕ ಜಾತಿಗಳನ್ನು ಕಣ್ಣಳತೆಯಿಂದ ಹೇಳಲಾಗದು.

ನ್ಯೂಗಿನಿಯ ಎಕ್ಲೆಕ್ಟಸ್ ಗಿಳಿಯದು ಇದಕ್ಕೆ ವಿರುದ್ಧ. ಗಂಡು ಹಸುರು, ಹೆಣ್ಣು ಕೆಂಪು; ಎಷ್ಟು ಭಿನ್ನವೆಂದರೆ 1870ರ ದಶಕದವರೆಗೆ ವಿದ್ವಾಂಸರೇ ಅವನ್ನು ಎರಡು ಜಾತಿಗಳೆಂದು ಎಣಿಸಿದ್ದರು.

ಇನ್ನು ನಮ್ಮ ಅರಗಿಳಿ. ಅದರ ಕೊರಳಿನ ಗುಲಾಬಿ-ಕಪ್ಪು ಹಾರ ಗಂಡಿಗೆ ಮಾತ್ರ. ಅದೂ ಎರಡು ಮೂರು ವರ್ಷ ತುಂಬಿದ ಮೇಲೆ. ಆದುದರಿಂದ ಹಾರವಿದ್ದುದು ಗಂಡೆಂಬುದು ನಿಶ್ಚಯ. ಇಲ್ಲದುದು ಹೆಣ್ಣೆಂಬುದು ನಿಶ್ಚಯವಲ್ಲ. ಆದರೆ ಈ ಜ್ಞಾನವನ್ನು ಹಿತ್ತಲ ಪೇರಲೆ ಮರಕ್ಕೆ ಬರುವ ಗಿಳಿಗಳನ್ನು ನೋಡಲು ಬಳಸತಕ್ಕದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ಗಡಿಯ ಈಚೆಗೂ ಆಚೆಗೂ ಕಾಯಿದೆ ಒಂದೇ.

ಈಗ ಪ್ರಾಣದ ಮಾತು. ಜೊತೆ ಇಲ್ಲದ ಹೆಣ್ಣು ಹಕ್ಕಿಯೂ ಮೊಟ್ಟೆಯಿಡಬಲ್ಲುದು. ಅದು ಮರಿಯಾಗದು, ಅಷ್ಟೆ. ಬರಿಯ ನವಣೆಯನ್ನೇ ತಿಂದು ಸುಣ್ಣದ ಅಂಶ ಸಾಲದ ಹೆಣ್ಣಿನಲ್ಲಿ ಮೊಟ್ಟೆ ಒಳಗೇ ಸಿಲುಕಿಕೊಳ್ಳುವುದುಂಟು. ಗರಿ ಕೆದರಿ ಪಂಜರದ ತಳದಲ್ಲಿ ಕೂರುವುದು, ಮುಕ್ಕುವುದು, ಉಸಿರಿನೊಡನೆ ಬಾಲ ಮೇಲೆ ಕೆಳಗೆ ಆಡುವುದು ಇದರ ಲಕ್ಷಣಗಳು. ‘ನಮ್ಮದು ಗಂಡು’ ಎಂದು ನಂಬಿದ ಮನೆಯವರು ಇದನ್ನು ಅಜೀರ್ಣವೆಂದು ಬಗೆದು ಮರುದಿನಕ್ಕೆ ಕಾದರೆ ಹಕ್ಕಿ ಉಳಿಯದೆ ಹೋಗಬಹುದು. ಪಂಜರವನ್ನು ಬೆಚ್ಚಗಿರಿಸಿ ಒಡನೆಯೇ ಪಶುವೈದ್ಯರ ಬಳಿಗೆ ಕೊಂಡೊಯ್ಯಬೇಕು. ಹೊಟ್ಟೆಯನ್ನು ಒತ್ತಿ ಮೊಟ್ಟೆ ತೆಗೆಯುವ ಸಾಹಸ ಸಲ್ಲದು. ಮುನ್ನೆಚ್ಚರಿಕೆಯಾಗಿ ಪಂಜರದಲ್ಲಿ ಸಮುದ್ರಫೇನದ ತುಂಡೊಂದನ್ನು ತೂಗಿಹಾಕುವುದು, ಸೊಪ್ಪು ಕೊಡುವುದು ಲೇಸು. ಇಟ್ಟ ಮೊಟ್ಟೆಯನ್ನು ಆಗಿಂದಾಗ್ಗೆ ತೆಗೆದರೆ ಹಕ್ಕಿ ಮತ್ತೆ ಮತ್ತೆ ಇಟ್ಟು ಸೊರಗುತ್ತದೆ. ತಾನಾಗಿ ಬಿಡುವ ತನಕ ಅಲ್ಲೇ ಇರಲಿ.

ಇದಕ್ಕಿಂತ ಗೂಢವಾದುದು ಇನ್ನೊಂದು. ವರ್ಷಗಳ ಕಾಲ ನೀಲಿಯಾಗಿದ್ದ ಗಂಡು ಬಜ್ರಿಗರ್‌ನ ಮೂಗು ಮೆಲ್ಲಗೆ ಕಂದಾಗತೊಡಗಿದರೆ, ‘ಓಹೋ, ಇದು ಹೆಣ್ಣಾಗಿತ್ತು’ ಎಂದು ನಕ್ಕು ಸುಮ್ಮನಾಗಬಾರದು. ವೃಷಣದಲ್ಲಿ ಬೆಳೆಯುವ ಕೆಲವು ಗಡ್ಡೆಗಳು ಹೆಣ್ಣಿನ ಹಾರ್ಮೋನನ್ನು ಸ್ರವಿಸಿ ಮೂಗಿನ ಬಣ್ಣವನ್ನು ಮಾರ್ಪಡಿಸುತ್ತವೆ. ಈ ಜಾತಿಗೆ ಗಡ್ಡೆಗಳ ಪೀಡೆ ಹೆಚ್ಚು. ಒಂದು ಕಾಲು ಕುಂಟತೊಡಗಿದರೆ, ಗಡ್ಡೆ ಒಳಗಿನ ನರವನ್ನು ಒತ್ತುತ್ತಿರುವ ಶಂಕೆಯಿಂದಲೂ ನೋಡಬೇಕು.

ನಿಶ್ಚಯವಾಗಿ ತಿಳಿಯಬೇಕೆನ್ನುವವರಿಗೆ ದಾರಿ ಒಂದುಂಟು. ಮನುಷ್ಯರಲ್ಲಿ ಗಂಡಿನ ವರ್ಣತಂತುಗಳು ಭಿನ್ನಜೋಡಿ. ಹಕ್ಕಿಗಳಲ್ಲಿ ತಿರುವುಮುರುವು, ಗಂಡಿಗೆ ಜೆಡ್-ಜೆಡ್, ಹೆಣ್ಣಿಗೆ ಜೆಡ್-ಡಬ್ಲ್ಯು. ಬುಡಸಹಿತ ಕಿತ್ತ ಕೆಲವು ಎಳೆಗರಿಗಳಲ್ಲಿ ಅಥವಾ ಒಂದು ತೊಟ್ಟು ರಕ್ತದಲ್ಲಿ ಆ ಡಬ್ಲ್ಯುವಿನ ಗುರುತನ್ನು ಡಿ.ಎನ್.ಎ. ಪರೀಕ್ಷೆ ಹುಡುಕುತ್ತದೆ. ನಮ್ಮ ದೊಡ್ಡ ನಗರಗಳ ಪ್ರಯೋಗಾಲಯಗಳಲ್ಲಿ ಇದು ದೊರೆಯುತ್ತದೆ. ತಾನಾಗಿ ಉದುರಿದ ಗರಿ ಸಾಲದು.

ಕೊಳ್ಳಹೊರಡುವವರಿಗೆ ಒಂದೆರಡು ಮಾತು. ಮೂಗಿನ ಬಣ್ಣವನ್ನು ಅಂಗಡಿಯ ದೀಪದಲ್ಲಿ ನೋಡದೆ ಹಗಲಿನ ಬೆಳಕಿಗೆ ತಂದು ನೋಡಿರಿ. ಮರಿಗಳು ಬೇಡವೆನ್ನುವವರು ಎರಡು ಗಂಡು ಬಜ್ರಿಗರ್‌ಗಳನ್ನು ತರಬಹುದು. ಅವು ಹೊಂದಿಕೊಂಡು ಬಾಳುವುದೇ ಹೆಚ್ಚು. ಎರಡು ಹೆಣ್ಣುಗಳನ್ನು ಸಣ್ಣ ಪಂಜರದಲ್ಲಿ ಕೂಡಿಹಾಕಿದರೆ ಕಾದಾಟ ರಕ್ತ ಹರಿಯುವವರೆಗೂ ಹೋಗಬಹುದು.