ಕೋಲು ಹಂಚಿದರೆ ಸಾಲದು, ಅಳತೆನೂ ನೋಡಬೇಕು

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದಲ್ಲಿರುವ ನಮ್ಮಜ್ಜಿಗೆ ಎರಡು ವರ್ಷದ ಹಿಂದೆ ಒಂದು ಶಿಬಿರದಲ್ಲಿ ವಾಕರ್ ಸಿಕ್ಕಿತ್ತು. ಫೋಟೊ ತೆಗೆದು ಮನೆಗೆ ಕಳಿಸಿದ್ದರು. ಮೊನ್ನೆ ಹೋದಾಗ ನೋಡಿದರೆ ಅದರ ಮೇಲೆ ಸೀರೆ ಒಣಗ್ತಿತ್ತು. ಕೇಳಿದರೆ, "ಅದು ಹೊಸ್ತಿಲಾ ದಾಟಂಗಿಲ್ಲ, ಓಣ್ಯಾಗ ಕಲ್ಲಿಗೆ ಸಿಗತೈತಿ" ಅಂದಳು. ಕೈಯಲ್ಲಿ ಅಜ್ಜನ ಹಳೇ ಬಡಿಗೆ. ಅದೂ ನೋವಿರುವ ಬಲಸೊಂಟದ ಕಡೆಯ ಕೈಯಲ್ಲೇ, ಎದೆಮಟ್ಟಕ್ಕೆ.

ಇಂಜಿನಿಯರಿಂಗ್ ಓದಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಒಂಟಿ ಕಾಲಮೇಲೆ ನಿಂತಾಗ ದೇಹ ವಾಲದಂತೆ ಸೊಂಟದ ಪಕ್ಕದ ಸ್ನಾಯುಗಳು ಜಗ್ಗಿ ಹಿಡಿಯುತ್ತವೆ. ಹಾಗಾಗಿ ಆ ಕೀಲಿನ ಮೇಲೆ ದೇಹದ ತೂಕಕ್ಕಿಂತ ಎಷ್ಟೋ ಹೆಚ್ಚು ಹೊರೆ ಬೀಳುತ್ತದೆ. ಎದುರು ಕೈಯಲ್ಲಿ ಕೋಲಿದ್ದರೆ ಅದು ನೋಯುವ ಕೀಲಿನಿಂದ ದೂರ ಇರುತ್ತದೆ, ಸನ್ನೆಗೋಲಿನ ಲೆಕ್ಕದಲ್ಲಿ ಸ್ವಲ್ಪ ಒತ್ತಿದರೂ ಸ್ನಾಯುವಿನ ಕೆಲಸ ಬಹಳ ಇಳಿಯುತ್ತದೆ. ಬಲಗಾಲು ನೋವಿದ್ದರೆ ಕೋಲು ಎಡಗೈಯಲ್ಲಿ, ಅಷ್ಟೇ.

ಎತ್ತರಕ್ಕೂ ಲೆಕ್ಕ ಇದೆ. ಚಪ್ಪಲಿ ಹಾಕಿ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ 15ರಿಂದ 30 ಡಿಗ್ರಿ ಬಾಗಿರಬೇಕು.

ಇನ್ನು ಯಾರಿಗೆ ಯಾವುದು? ಒಂದೇ ಕಡೆ ನೋವು ಅಥವಾ ಸ್ವಲ್ಪ ತೂರಾಟ ಇದ್ದರೆ ಸಾದಾ ಕೋಲು ಸಾಕು. ಲಕ್ವಾ ಹೊಡೆದು ಒಂದು ಕೈ ಬಾರದವರಿಗೆ ಎರಡೂ ಕೈ ಬೇಡುವ ವಾಕರ್ ಕೊಟ್ಟು ಉಪಯೋಗವಿಲ್ಲ. ಅವರಿಗೆ ನಾಲ್ಕು ಪಾದದ ಕೋಲು ಆದೀತು, ಆದರೆ ನಾಲ್ಕೂ ಪಾದ ಒಟ್ಟಿಗೆ ನೆಲಕ್ಕೆ ತಾಗಬೇಕು, ಕಲ್ಲಿನ ಓಣಿಯಲ್ಲಿ ಅದು ಅಲ್ಲಾಡುತ್ತದೆ. ಎರಡೂ ಕಾಲು ಸೋತವರಿಗೆ ವಾಕರ್, ಆದರೆ ಮೊದಲು ಬಾಗಿಲ ಅಗಲ ಮತ್ತು ಹೊಸ್ತಿಲ ಎತ್ತರ ಅಳೀರಿ. ಕಂಕುಳ ಊರುಗೋಲಿನ ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿರಲಿ. ಭಾರ ಬೀಳಬೇಕಾದದ್ದು ಅಂಗೈ ಮೇಲೆ, ಕಂಕುಳ ಮೇಲೆ ಬಿದ್ದರೆ ನರಕ್ಕೆ ಪೆಟ್ಟು. ತುದಿಯ ರಬ್ಬರ್ ಸವೆದರೆ ತಕ್ಷಣ ಬದಲಿಸಿ.

ನಮ್ಮ ಜಿಲ್ಲೆಯಲ್ಲಿ ಇದು ಬರೀ ವಯಸ್ಸಿನ ಮಾತಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಭಾಗದ ಎಷ್ಟೋ ಬೋರ್‌ವೆಲ್‌ಗಳದ್ದು ಅದಕ್ಕಿಂತ ಹೆಚ್ಚು. ವರ್ಷಗಟ್ಟಲೆ ಅಂಥ ನೀರು ಕುಡಿದರೆ ಬೆನ್ನು, ಕೀಲು ಬಿಗಿಯುತ್ತವೆ. ಬಾಗಿದ ಬೆನ್ನಿನವರಿಗೆ ಸರಾಸರಿ ಎತ್ತರದ ಕೋಲು ಹೊಂದಲ್ಲ, ಅವರು ನಿಲ್ಲುವ ಹಾಗೇ ನಿಲ್ಲಿಸಿ ಅಳೆಯಬೇಕು.

ಯೋಜನೆಗಳಿಗೆ ಕೊರತೆಯಿಲ್ಲ. ಅಂಗವಿಕಲರಿಗೆ 1981ರಿಂದ ಎಡಿಪ್, ಬಡ ಹಿರಿಯರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ. ಗ್ರಾಮ ಪಂಚಾಯ್ತಿಯಲ್ಲಿ ಅಂಗವಿಕಲರಿಗೆಂದೇ ಶೇ. 5 ಅನುದಾನ ಇದೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹುದ್ದೆ ಇದೆ. ಆದರೆ ಸರಿಯಾದದ್ದನ್ನು ಆರಿಸಿ, ದೇಹಕ್ಕೆ ಹೊಂದಿಸಿ, ಬಳಸಲು ಕಲಿಸಿ, ತಿಂಗಳ ನಂತರ ಬಂದು ನೋಡುವ ತನಕ ಕೆಲಸ ಮುಗಿಯಲ್ಲ. ಶಿಬಿರ ಮುಗಿಯೋದು ಫೋಟೊಕ್ಕೆ. ಮುಂದಿನ ಗ್ರಾಮಸಭೆಯಲ್ಲಿ ಎಷ್ಟು ಹಂಚಿದಿರಿ ಅಂತ ಕೇಳಿ ಸುಮ್ಮನಾಗಬೇಡಿ. ಎಷ್ಟು ಬಳಕೆಯಲ್ಲಿವೆ ಅಂತಾನೂ ಕೇಳಿ.

ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ ಅಜ್ಜನ ಬಡಿಗೆಯನ್ನು ಗೇಣುದ್ದ ಕೊಯ್ದು, ರಬ್ಬರ್ ಹಾಕಿ, ಎಡಗೈಗೆ ಕೊಟ್ಟೆವು. ಕೊಯ್ದಿದ್ದಕ್ಕೆ ಅಜ್ಜಿ ಎರಡು ದಿನ ಬೈದಳು. ಈಗ ಗುಡಿಕಟ್ಟೆ ತನಕ ಒಬ್ಬಳೇ ಹೋಗ್ತಾಳೆ.